ನರಸಿಂಹ ಪರ್ವತ: ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ

ಘಟ್ಟದ ಗುಡ್ಡಗಳಲ್ಲಿ ಹತ್ತುವಾಗ ದಾರಿ ತಪ್ಪುವವರು ಕಡಿಮೆ. ತಪ್ಪಿದರೂ ದೊಡ್ಡ ನಷ್ಟವಿಲ್ಲ. ಗುಡ್ಡದ ಬೆನ್ನೆಲುಬಿನಂತೆ ಉದ್ದಕ್ಕೆ ಚಾಚಿದ ಏಣುಗಳೆಲ್ಲ ಮೇಲೆ ಹೋದಂತೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಯಾವುದನ್ನು ಹಿಡಿದರೂ ಕೊನೆಗೆ ನೆತ್ತಿಗೇ ತಂದುಬಿಡುತ್ತವೆ. ಇಳಿಯುವಾಗ ಇದೇ ಲೆಕ್ಕ ತಿರುಗುಮುರುಗು. ನೆತ್ತಿಯಿಂದ ಹೊರಟ ಒಂದು ಏಣು ಸ್ವಲ್ಪ ಕೆಳಗೆ ಎರಡಾಗುತ್ತದೆ, ಇನ್ನಷ್ಟು ಇಳಿದರೆ ನಾಲ್ಕಾಗುತ್ತದೆ. ನಿಮ್ಮನ್ನು ಹೊರಟ ಜಾಗಕ್ಕೆ ಮುಟ್ಟಿಸುವುದು ಅದರಲ್ಲಿ ಒಂದೇ. ಕುಮಾರಪರ್ವತ, ಮುಳ್ಳಯ್ಯನಗಿರಿಯಂಥ ಕಡೆ ಇದು ಗಮನಕ್ಕೇ ಬರುವುದಿಲ್ಲ, ಏಕೆಂದರೆ ಸಾವಿರಾರು ಕಾಲುಗಳು ಸವೆಸಿದ ದಾರಿ ಎಲ್ಲಿ ತಿರುಗಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿರುತ್ತದೆ. ಜನ ಹೋಗದ ಗುಡ್ಡದಲ್ಲಿ ಆ ತೀರ್ಮಾನ ಪ್ರತಿ ಕವಲಿನಲ್ಲೂ ನಿಮ್ಮದು.

ಶೃಂಗೇರಿ ತಾಲ್ಲೂಕಿನ ಕಿಗ್ಗದ ಹಿಂದಿರುವ ನರಸಿಂಹ ಪರ್ವತ ಅಂಥದ್ದೊಂದು ಗುಡ್ಡ. ಆಗುಂಬೆ ಸೀಮೆಯ ಅತಿ ಎತ್ತರದ ನೆತ್ತಿ ಇದು, ಸುಮಾರು 1,150 ಮೀಟರ್. ಕುದುರೆಮುಖಕ್ಕೆ ಹೋಲಿಸಿದರೆ ಎತ್ತರ ಏನೂ ಅಲ್ಲ. ಕಿಗ್ಗದಿಂದ ಏರುವುದು ನಾನೂರು ಮೀಟರಿನ ಆಸುಪಾಸು, ನಡೆಯುವುದು ಒಂದು ಬದಿಗೆ ಏಳೆಂಟು ಕಿಲೋಮೀಟರ್. ಹೀಗಾಗಿ ಇದನ್ನು ಸುಲಭದ ಗುಡ್ಡ ಎಂದು ಲೆಕ್ಕ ಹಾಕುವವರು ಹೆಚ್ಚು. ಏರಿನ ಮಟ್ಟಿಗೆ ಅದು ನಿಜವೂ ಹೌದು. ಆಗುಂಬೆ ಕಡೆಯ ಮಲ್ಲಂದೂರಿನಿಂದ ಬರ್ಕಣ ಜಲಪಾತದ ಮೇಲಾಗಿ ಬರುವ ಹಳೆಯ ದಾರಿ ಇದಕ್ಕಿಂತ ಉದ್ದ, ದಟ್ಟ ಕಾಡಿನದು. ಮೊದಲ ಸಲಕ್ಕೆ ಅದು ಬೇಡ.

ಈ ಗುಡ್ಡದ ಎರಡು ಬದಿಯೂ ಒಂದೇ ಥರ ಇಲ್ಲ. ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದನ್ನೇ. ಪೂರ್ವದ ಓರೆ ನಿಧಾನವಾಗಿ ಇಳಿದು ಕಾಡು, ಹುಲ್ಲಿನ ಬ್ಯಾಣ ದಾಟಿ ಅಡಿಕೆ ತೋಟ, ಮನೆಗಳನ್ನು ಸೇರುತ್ತದೆ. ಅಲ್ಲಿಯ ನೀರು ತುಂಗೆಗೆ ಹೋಗಿ ಕೊನೆಗೆ ಬಂಗಾಳ ಕೊಲ್ಲಿ ಸೇರುತ್ತದೆ. ಪಶ್ಚಿಮದಲ್ಲಿ ಘಟ್ಟ ಒಮ್ಮೆಲೇ ಮುರಿದು ಹೆಬ್ರಿ ಕಡೆಯ ಕರಾವಳಿಗೆ ಬೀಳುತ್ತದೆ. ಸೀತಾನದಿ ಹುಟ್ಟುವುದು ಈ ಸುತ್ತಿನಲ್ಲೇ, ಅದೇ ನದಿ ಬರ್ಕಣದಲ್ಲಿ ಸುಮಾರು 850 ಅಡಿ ಧುಮುಕುತ್ತದೆ. ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿಯಿರಿ, ಊರು ಸಿಗುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಪೂರ್ವಕ್ಕೆ ಆ ಮಾತು ಸರಿಯಿದ್ದೀತು. ಪಶ್ಚಿಮಕ್ಕೆ ಹರಿಯುವ ಹಳ್ಳ ನಿಮ್ಮನ್ನು ಒಯ್ಯುವುದು ಅಬ್ಬಿಯ ತುದಿಗೆ. ಜಾರುವ ಬಂಡೆಗಳ ಮೇಲೆ ಹತ್ತು ಅಡಿ ಇಳಿದು, ಮುಂದೆ ಇಪ್ಪತ್ತು ಅಡಿ ಇಳಿದು, ಆಮೇಲೆ ಕೆಳಗೂ ಹೋಗಲಾಗದೆ ಮೇಲೂ ಬರಲಾಗದೆ ಸಿಕ್ಕಿಕೊಳ್ಳುವುದು ಹೀಗೇ. ಯಾವ ನೀರು ಯಾವ ಕಡೆಗೆ ಎಂದು ಗೊತ್ತಿಲ್ಲದಿದ್ದರೆ ಹಳ್ಳಕ್ಕೆ ಇಳಿಯಲೇಬೇಡಿ, ಏಣಿನ ಮೇಲೇ ಇರಿ.

ನಕ್ಷೆಯನ್ನು ಮನೆಯಲ್ಲೇ ಓದಿಕೊಂಡು ಹೋಗಬೇಕು. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಯಲ್ಲಿ ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಒಂದು ಗೆರೆಗೂ ಇನ್ನೊಂದಕ್ಕೂ ಎತ್ತರದಲ್ಲಿ 20 ಮೀಟರ್ ಅಂತರ. ಗೆರೆಗಳ ಮೂತಿ ತಗ್ಗಿನ ಕಡೆಗೆ ಚೂಪಾಗಿದ್ದರೆ ಅದು ಏಣು, ಎತ್ತರದ ಕಡೆಗೆ ಚೂಪಾಗಿದ್ದರೆ ಹಳ್ಳ. ನೆತ್ತಿಯಿಂದ ಕಿಗ್ಗದ ಕಡೆಗೆ ಇಳಿಯುವ ಏಣಿನ ಮೇಲೆ ಪೆನ್ಸಿಲ್ ಎಳೆದು, ಅದು ಎಲ್ಲೆಲ್ಲಿ ಕವಲೊಡೆಯುತ್ತದೆ ಎಂದು ಗುರುತು ಹಾಕಿ. ಸಾಮಾನ್ಯವಾಗಿ ಮೂರು ನಾಲ್ಕು ಕಡೆ ಇರುತ್ತದೆ. ನಿಜವಾಗಿ ಎಚ್ಚರ ಬೇಕಾದದ್ದು ಆ ಮೂರು ನಾಲ್ಕು ಕಡೆ ಮಾತ್ರ. ಹತ್ತುವಾಗ ಆ ಜಾಗ ಬಂದಾಗಲೆಲ್ಲ ನಿಂತು, ಹಿಂದಕ್ಕೆ ತಿರುಗಿ ನೋಡಿ: ಇಳಿಯುವಾಗ ಇದು ನಿಮಗೆ ಹೇಗೆ ಕಾಣುತ್ತದೆ? ಒಂಟಿ ನೆಲ್ಲಿ ಮರವೋ ಮುರುಕು ಬಂಡೆಯೋ ಕಂಡರೆ ಒಂದು ಫೋಟೋ ತೆಗೆಯಿರಿ, ಇಳಿಯುವ ಕಡೆಗೆ ಮುಖಮಾಡಿ. ಮುಂದಿನ ನೋಟದ ಫೋಟೋ ಎಲ್ಲರೂ ತೆಗೆಯುತ್ತಾರೆ, ಕೆಲಸಕ್ಕೆ ಬರುವುದು ಹಿಂದಿನ ನೋಟದ್ದು.

ಮೊಬೈಲಿನ ಜಿಪಿಎಸ್ ಒಳ್ಳೆಯ ಸಾಧನ. ಹತ್ತುವಾಗ ಟ್ರ್ಯಾಕ್ ರೆಕಾರ್ಡ್ ಮಾಡಿಕೊಂಡು ಅದನ್ನೇ ಹಿಡಿದು ಇಳಿಯುವುದು ಸರಿಯಾದ ಕ್ರಮ. ಅದು ಕೈಕೊಡುವುದು ಎರಡು ಕಾರಣಕ್ಕೆ. ಸಿಗ್ನಲ್ ಇಲ್ಲದ ಜಾಗದಲ್ಲಿ ಫೋನು ಟವರ್ ಹುಡುಕುತ್ತಲೇ ಇದ್ದು ಮಧ್ಯಾಹ್ನದೊಳಗೆ ಬ್ಯಾಟರಿ ಮುಗಿಸುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ದಿನವಿಡೀ ಬರುತ್ತದೆ. ಇನ್ನೊಂದು ಕಾರಣ ಮಂಜು. ಒದ್ದೆ ಕೈ, ಒದ್ದೆ ಸ್ಕ್ರೀನ್ ಸೇರಿದರೆ ಬೆರಳಿಗೆ ಫೋನು ಸ್ಪಂದಿಸುವುದಿಲ್ಲ. ಆಗ ಬೇಕಾಗುವುದು ಸಾದಾ ದಿಕ್ಸೂಚಿ. ನಮ್ಮ ಕಡೆ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಎರಡು ಡಿಗ್ರಿಯೂ ಇಲ್ಲ. ನಡಿಗೆಯ ಲೆಕ್ಕಕ್ಕೆ ಅದನ್ನು ಬಿಟ್ಟೇಬಿಡಬಹುದು.

ದಿಕ್ಸೂಚಿಯೂ ಇಲ್ಲ, ಬಿಸಿಲು ಮಾತ್ರ ಇದೆ ಎಂದರೆ ನೆರಳು ನೋಡಿ. ಕಿಗ್ಗ ನೆತ್ತಿಯಿಂದ ಸ್ಥೂಲವಾಗಿ ಪೂರ್ವಕ್ಕಿದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಎರಡರ ಮೇಲೆ ಸರಿಯಾದ ಕಡೆಗೆ ಇಳಿಯುತ್ತಿದ್ದರೆ ನಿಮ್ಮ ನೆರಳು ನಿಮ್ಮ ಎಡಮುಂದಕ್ಕೆ ಬೀಳುತ್ತದೆ. ಬಿಸಿಲು ಮುಖಕ್ಕೆ ಹೊಡೆಯುತ್ತಿದ್ದರೆ ಘಟ್ಟದ ಅಂಚಿಗೆ ಹೋಗುತ್ತಿದ್ದೀರಿ, ನಿಲ್ಲಿ.

ದಾರಿಯಂತೆ ಕಾಣುವ, ಆದರೆ ದಾರಿಯಲ್ಲದ ಎರಡು ಈ ಗುಡ್ಡಗಳಲ್ಲಿವೆ. ಒಂದು ಬೆಂಕಿ ರೇಖೆ. ಬೇಸಿಗೆಯ ಕಾಡ್ಗಿಚ್ಚು ಹಬ್ಬದಿರಲಿ ಎಂದು ಚಳಿಗಾಲದಲ್ಲೇ ಅರಣ್ಯ ಇಲಾಖೆಯವರು ಏಣಿನ ಉದ್ದಕ್ಕೂ ಹುಲ್ಲು ಕೊಯ್ದು, ಸುಟ್ಟು ಅಗಲವಾದ ಪಟ್ಟಿ ಮಾಡಿರುತ್ತಾರೆ. ಸೊಂಟದೆತ್ತರದ ಹುಲ್ಲಿನಲ್ಲಿ ತಡವರಿಸಿ ಬಂದವರಿಗೆ ಅದು ರಾಜಮಾರ್ಗವೆನಿಸುತ್ತದೆ. ಆದರೆ ಅದು ಊರಿಗೆ ಹೋಗಬೇಕೆಂದು ಮಾಡಿದ್ದಲ್ಲ. ಬೆಂಕಿ ನಿಲ್ಲಬೇಕಾದ ಕಡೆಗೆ ಹೋಗಿ, ಕಾಡಿನ ಅಂಚಿನಲ್ಲಿ ಸುಮ್ಮನೆ ಮುಗಿದುಹೋಗುತ್ತದೆ.

ಇನ್ನೊಂದು ಕಾಟಿಗಳ, ಅಂದರೆ ಕಾಡುಕೋಣಗಳ ದಾರಿ. ಇದನ್ನು ಗುರುತಿಸುವುದು ಕಲಿತರೆ ಅರ್ಧ ವಿದ್ಯೆ ಕಲಿತಂತೆ. ಕಾಟಿ ದೊಡ್ಡ ಪ್ರಾಣಿ, ಓರೆಯಲ್ಲಿ ಏರಿಳಿತವಿಲ್ಲದ ಬಹಳ ಒಳ್ಳೆಯ ದಾರಿ ಮಾಡುತ್ತದೆ. ಕಾಲ ಬುಡದಲ್ಲಿ ನೆಲ ಚೊಕ್ಕಟ, ಮಣ್ಣು ಗಟ್ಟಿ. ಆದರೆ ಕಾಡಿನ ಬಾಯಿಗೆ ಬಂದಾಗ ಕೊಂಬೆಗಳು ನಿಮ್ಮ ಮುಖಕ್ಕೆ, ಎದೆಗೆ ಬಡಿಯತೊಡಗುತ್ತವೆ, ಬಗ್ಗಿ ನುಗ್ಗಬೇಕಾಗುತ್ತದೆ. ಮನುಷ್ಯ ಓಡಾಡುವ ದಾರಿಯಲ್ಲಿ ತಲೆಯ ಎತ್ತರದ ತನಕ ಕೊಂಬೆ ಸವರಿರುತ್ತಾರೆ. ಕೊಂಬೆಯ ತುದಿಯನ್ನು ಹತ್ತಿರದಿಂದ ನೋಡಿ. ಓರೆಯಾಗಿ ಒಂದೇ ಏಟಿಗೆ ತುಂಡಾಗಿದ್ದರೆ ಕತ್ತಿಯದು, ನಾರು ಕಿತ್ತುಕೊಂಡು ಜೋಲುತ್ತಿದ್ದರೆ ಪ್ರಾಣಿ ಮುರಿದದ್ದು. ಹೊಸ ಸಗಣಿ, ಗೊರಸಿನ ಗುರುತು ಇದ್ದು ಚಪ್ಪಲಿ-ಬೂಟಿನ ಗುರುತು ಒಂದೂ ಇಲ್ಲದಿದ್ದರೆ ಹಿಂದಕ್ಕೆ ಬನ್ನಿ. ಮಂಜು ಕವಿದಾಗ ಇಂಥ ದಾರಿಯಲ್ಲಿ ಕಾಟಿಯ ಎದುರೇ ಹೋಗಿ ನಿಲ್ಲುವ ಸಂಭವವೂ ಉಂಟು. ಮಾಮೂಲಿ ದನಿಯಲ್ಲಿ ಮಾತಾಡುತ್ತ ನಡೆದರೆ ಅವು ಮೊದಲೇ ಸರಿದುಹೋಗುತ್ತವೆ. ಒಂಟಿ ಗಂಡು ಎದುರಾದರೆ ಓಡಬೇಡಿ, ಕೂಗಬೇಡಿ, ಮುಖ ತಿರುಗಿಸದೆ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದು ಜಾಗ ಬಿಟ್ಟುಕೊಡಿ.

ಇನ್ನು ಸಮಯದ ಲೆಕ್ಕ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ಸೂತ್ರ ಕೊಟ್ಟ. ಈಗಿನ ಅಳತೆಯಲ್ಲಿ ಹೇಳಿದರೆ ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಎಂಟು ಕಿಲೋಮೀಟರ್, 450 ಮೀಟರ್ ಏರು ಎಂದು ಇಟ್ಟುಕೊಂಡರೆ ಎರಡು ಗಂಟೆ ಇಪ್ಪತ್ತು ನಿಮಿಷ ಬರುತ್ತದೆ. ಅದು ಅಲ್ಲಿಯ ಬೋಳು ಗುಡ್ಡಗಳ ಲೆಕ್ಕ. ನಮ್ಮ ಕಾಡು, ಇಂಬಳ (ಜಿಗಣೆ), ಎತ್ತರದ ಹುಲ್ಲು, ಸೆಕೆ ಎಲ್ಲ ಸೇರಿದರೆ ಅದಕ್ಕೆ ಅರ್ಧ ಕೂಡಿಸಬೇಕು: ಮೂರೂವರೆ ಗಂಟೆ. ಇಳಿಯಲು ಮೂರು ಗಂಟೆ. ಮೇಲೆ ಒಂದು ಗಂಟೆ, ದಾರಿಯಲ್ಲಿ ನಿಂತು ನಡೆದದ್ದಕ್ಕೆ ಅರ್ಧ ಗಂಟೆ. ಒಟ್ಟು ಎಂಟು ಗಂಟೆ, ಅದೂ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಲೆಕ್ಕದಲ್ಲಿ.

ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಮೇಲೆ. ಆದರೆ ಕಾನಿನ ಒಳಗೆ ಐದೂವರೆಗೇ ಕಾಲ ಬುಡ ಕಾಣುವುದಿಲ್ಲ. ಐದರೊಳಗೆ ಕಾಡು ದಾಟಿರಬೇಕು ಎಂದರೆ ಒಂದೂವರೆಗೆ, ಹೆಚ್ಚೆಂದರೆ ಎರಡಕ್ಕೆ ನೆತ್ತಿ ಬಿಡಬೇಕು. ಹನ್ನೆರಡೂವರೆಗೆ ನೆತ್ತಿ ಮುಟ್ಟಿಲ್ಲವೇ? ಎಲ್ಲಿದ್ದೀರೋ ಅಲ್ಲಿಂದಲೇ ಹಿಂದಿರುಗಿ. ಈ ಹೊತ್ತನ್ನು ಬೆಳಿಗ್ಗೆ ಹೊರಡುವಾಗಲೇ ಎಲ್ಲರ ಎದುರು ಹೇಳಿಬಿಡಬೇಕು, ಮೇಲೆ ಹೋದ ಮೇಲೆ ಚರ್ಚೆಗೆ ತರಬಾರದು. ಪಶ್ಚಿಮದ ಅಂಚಿನಿಂದ ಕರಾವಳಿಯ ಬಯಲು, ಆಕಾಶ ತಿಳಿಯಾಗಿದ್ದರೆ ಸಮುದ್ರ ಕಾಣುವ ಗುಡ್ಡಗಳಿವು. ಸೂರ್ಯಾಸ್ತ ನೋಡಿಕೊಂಡು ಇಳಿಯೋಣ ಎಂಬ ಆಸೆ ಸಹಜ. ಕತ್ತಲಲ್ಲಿ ಸಿಕ್ಕಿಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ಮೇಲೆ ತಂಗಲು ಅನುಮತಿಯೂ ಇರುವುದಿಲ್ಲ.

ಋತುವಿನ ವಿಷಯ. ಆಗುಂಬೆ ಸುತ್ತಿನಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಮಳೆ ಬೇಕೆಂದರೂ ನಿಲ್ಲಬೇಕೆಂದರೂ ಜನ ಹರಕೆ ಹೊರುವುದು ಕಿಗ್ಗದ ಋಷ್ಯಶೃಂಗೇಶ್ವರನಿಗೆ, ಸುಮ್ಮನೆ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಗುಡ್ಡದ ಯೋಚನೆ ಬೇಡ. ಬೆಳಿಗ್ಗೆ ಮೊಣಕಾಲುದ್ದ ಇದ್ದ ಹಳ್ಳ ಸಂಜೆ ಸೊಂಟ ಮುಟ್ಟಿದರೆ ವಾಪಸ್ ಬರುವ ದಾರಿಯೇ ಇಲ್ಲ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಗುಡುಗು ಮಳೆ, ಬೋಳು ಏಣಿನ ಮೇಲೆ ಸಿಡಿಲಿನ ಭಯ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಏಣು ಬಿಟ್ಟು ತಗ್ಗಿಗೆ ಇಳಿಯಿರಿ, ಒಂಟಿ ಮರದ ಕೆಳಗೆ ಮಾತ್ರ ನಿಲ್ಲಬೇಡಿ. ನವೆಂಬರ್ ಕೊನೆಯಿಂದ ಜನವರಿ ಕೊನೆಯ ತನಕ ಒಳ್ಳೆಯ ಕಾಲ. ಫೆಬ್ರವರಿ ಬಂತೆಂದರೆ ಹುಲ್ಲು ಒಣಗಿ ಬೆಂಕಿಯ ಹೆದರಿಕೆ, ಇಲಾಖೆ ಚಾರಣ ನಿಲ್ಲಿಸುವುದು ವಾಡಿಕೆ. ಅದು ಸರಿಯಾದ ತೀರ್ಮಾನ, ಅದಕ್ಕೆ ಗೊಣಗುವುದರಲ್ಲಿ ಅರ್ಥವಿಲ್ಲ.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿ ಸೇರಿದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣ ಬಂತು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿದರು. ಹೊರಡುವ ವಾರದಲ್ಲಿ ದಾರಿ ತೆರೆದಿದೆಯೇ ಎಂದು ಅಲ್ಲೇ ನೋಡಿ, ಅನುಮತಿ ತೆಗೆದುಕೊಂಡು, ಸ್ಥಳೀಯ ಗೈಡ್ ಜೊತೆಗೇ ಹೋಗಿ. ನಕ್ಷೆ ಓದಲು ಬರುತ್ತದೆ ಎಂಬುದು ಗೈಡ್ ಬೇಡ ಎನ್ನುವುದಕ್ಕೆ ಕಾರಣವಲ್ಲ. ಈ ವರ್ಷ ಯಾವ ಮರ ಬಿದ್ದು ದಾರಿ ಕಟ್ಟಿದೆ, ಯಾವ ಹಳ್ಳದಲ್ಲಿ ಇನ್ನೂ ನೀರಿದೆ ಎಂಬುದು ಊರಿನವರಿಗೆ ಗೊತ್ತು, ಯಾವ ನಕ್ಷೆಯಲ್ಲೂ ಇರುವುದಿಲ್ಲ.

ನೀರು ತಲೆಗೆ ಮೂರು ಲೀಟರ್. ಕಾಡಿನೊಳಗೆ ದಾಹ ಗೊತ್ತಾಗುವುದಿಲ್ಲ, ಹುಲ್ಲುಗಾವಲಿಗೆ ಬಂದ ಮೇಲೆ ನೆರಳೆಂಬುದೇ ಇಲ್ಲ. ಒಂದು ಲೀಟರಿಗೆ ಓಆರ್‌ಎಸ್ ಬೆರೆಸಿ, ಪೊಟ್ಟಣ ಇಲ್ಲದಿದ್ದರೆ ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಹಾ ಚಮಚದಲ್ಲಿ ಸಪಾಟು. ಊಟಕ್ಕೆ ಪುಳಿಯೋಗರೆಯೋ ಚಪಾತಿ-ಚಟ್ನಿಪುಡಿಯೋ ಸಾಕು. ಮೊಸರನ್ನ ಸೆಕೆಗೆ ಹುಳಿಯಾಗುತ್ತದೆ. ಬೆಲ್ಲ, ಹುರಿದ ಶೇಂಗಾ ಜೇಬಿನಲ್ಲೇ ಇರಲಿ. ನೆತ್ತಿಯ ಹತ್ತಿರ ಪಾಳುಬಿದ್ದ ಗುಡಿ, ಕೊಳ ಇವೆ. ಆ ನೀರನ್ನು ಕಾಯಿಸದೆ ಕುಡಿಯಬಾರದು. ಅದರಲ್ಲಿ ಕೈಕಾಲು, ಡಬ್ಬಿ ತೊಳೆಯುವುದೂ ಬೇಡ. ಮೈಗೆ ಹಚ್ಚಿಕೊಂಡ ಸೊಳ್ಳೆ ಔಷಧ, ಸೋಪು ನೀರಿಗೆ ಇಳಿದರೆ ಕಪ್ಪೆಯ ಮರಿಗಳು ಸಾಯುತ್ತವೆ, ಬೇಸಿಗೆಯಲ್ಲಿ ಪ್ರಾಣಿಗಳಿಗೂ ಅದೇ ನೀರು.

ಇಂಬಳಕ್ಕೆ ಮಾಮೂಲಿ ಸಾಕ್ಸ್ ತಡೆಯಲ್ಲ. ಹೆಣಿಗೆಯ ಕಣ್ಣಿನಲ್ಲೇ ತೂರಿಕೊಂಡು ಒಳಗೆ ಬರುತ್ತದೆ. ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನ ತನಕ ಬರುವ ಲೀಚ್ ಸಾಕ್ಸ್ ಬೇಕು. ಅದನ್ನು ಮಾಮೂಲಿ ಸಾಕ್ಸ್ ಮೇಲೆ, ಪ್ಯಾಂಟನ್ನೂ ಒಳಗೆ ಸೇರಿಸಿ ಹಾಕಿಕೊಂಡು ಮೊಣಕಾಲಿನ ಕೆಳಗೆ ಬಿಗಿದು ಕಟ್ಟಬೇಕು. ಹೊಗೆಸೊಪ್ಪು-ಸುಣ್ಣ ಬೆರೆಸಿ ಹೊರಗಿನಿಂದ ಸವರಿದರೆ ಹತ್ತುವುದಿಲ್ಲ, ಆದರೆ ಒಂದು ಹಳ್ಳ ದಾಟಿದರೆ ತೊಳೆದುಹೋಗುತ್ತದೆ, ಮತ್ತೆ ಸವರಬೇಕು. ಕಚ್ಚಿದ್ದನ್ನು ಎಳೆಯಬೇಡಿ, ಬಾಯಿಯ ಬುಡಕ್ಕೆ ಉಗುರು ತೂರಿಸಿ ಸರಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಗಂಟೆಗಟ್ಟಲೆ ಒಸರುತ್ತದೆ, ಕಾಗದದ ಚೂರು ಒತ್ತಿ ಕಟ್ಟಿದರಾಯಿತು. ವಿಶ್ರಾಂತಿ ಯಾವಾಗಲೂ ಬಿಸಿಲಿನ ಬಂಡೆಯ ಮೇಲೆ, ಕಾಡಿನೊಳಗೆ ನಿಲ್ಲದೆ ನಡೆಯಿರಿ.

ಹುಲ್ಲಿನ ಬಗ್ಗೆ ಹೇಳುವುದನ್ನು ಜನ ಮರೆಯುತ್ತಾರೆ. ಮಳೆ ಮುಗಿದ ಹೊಸತರಲ್ಲಿ ಅದು ಸೊಂಟ ಮುಟ್ಟುತ್ತದೆ, ಅಡಿಯಲ್ಲಿರುವ ಕಲ್ಲು, ಗುಂಡಿ ಕಾಣುವುದಿಲ್ಲ. ಬಿದಿರ ಕೋಲಿನಿಂದ ಮುಂದೆ ತಟ್ಟಿ ಹೆಜ್ಜೆ ಇಡಬೇಕು. ಜನವರಿಗೆ ಅದೇ ಹುಲ್ಲು ಒಣಗಿ ಓರೆಯ ಕೆಳಮುಖಕ್ಕೆ ಮಲಗುತ್ತದೆ. ಆಗ ಅದರ ಮೇಲೆ ಇಳಿಯುವುದು ಎಣ್ಣೆ ಸವರಿದ ಹಲಗೆಯ ಮೇಲೆ ಇಳಿದ ಹಾಗೆ. ಗುಡ್ಡಕ್ಕೆ ಅಡ್ಡಲಾಗಿ ಪಾದವಿಟ್ಟು, ಮೊಣಕಾಲು ತುಸು ಬಗ್ಗಿಸಿ, ಹಾವಿನ ನಡೆಯಲ್ಲಿ ಅತ್ತಿತ್ತ ತಿರುಗುತ್ತ ಇಳಿಯಬೇಕು. ಸವೆದ ದಾರಿ ಇರುವ ಕಡೆ ಒಬ್ಬರ ಹಿಂದೆ ಒಬ್ಬರು, ದಾರಿಯೇ ಇಲ್ಲದ ಹುಲ್ಲಿನಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡು ನಡೆಯಿರಿ. ಇಷ್ಟು ಮಳೆ ಬೀಳುವ ಊರಿನಲ್ಲಿ ಒಂದು ಗುಂಪು ತುಳಿದ ಹೊಸ ಗೆರೆ ಮುಂದಿನ ಮಳೆಗಾಲಕ್ಕೆ ಕೊರಕಲಾಗುತ್ತದೆ, ಮಣ್ಣು ಹೋದ ಮೇಲೆ ಅಲ್ಲಿ ಹುಲ್ಲು ಬಾರದು.

ಹಳ್ಳದ ಬದಿಯಲ್ಲಿ ಕೊಂಬೆ ಹಿಡಿಯುವ ಮೊದಲು ನೋಡಿ ಹಿಡಿಯಿರಿ, ಎಲೆಯ ಬಣ್ಣದ ಮಲಬಾರ್ ಪಿಟ್ ವೈಪರ್ ಕೈಯೆತ್ತರದಲ್ಲೇ ಅಲುಗಾಡದೆ ಕೂತಿರುತ್ತದೆ. ನಮ್ಮ ದೇಶದಲ್ಲಿ ಸಿಗುವ ವಿಷನಿರೋಧಕ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗಾಗಿ ತಯಾರಿಸಿದ್ದು, ಇದಕ್ಕೂ ಕಾಳಿಂಗಕ್ಕೂ ಅಲ್ಲ. ಯಾವುದು ಕಚ್ಚಿದರೂ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ. ಕಚ್ಚಿದ ಭಾಗ ಅಲುಗದಂತೆ ಕೋಲು ಕಟ್ಟಿ, ಕಚ್ಚಿದ ಸಮಯ ಬರೆದಿಟ್ಟುಕೊಂಡು, ನಡೆಸದೆ ಹೊತ್ತು ಇಳಿಸಿ. ಇದಕ್ಕೇ ಗುಂಪಿನಲ್ಲಿ ಕನಿಷ್ಠ ನಾಲ್ಕು ಜನ ಬೇಕು: ಒಬ್ಬರು ಗಾಯಾಳುವಿನ ಜೊತೆ, ಇಬ್ಬರು ನೆರವು ತರಲು.

ದಾರಿ ತಪ್ಪಿತು ಎಂಬ ಅನುಮಾನ ಬಂದ ಕೂಡಲೇ ಕೂತುಬಿಡಿ. ನೀರು ಕುಡಿದು, ಐದು ನಿಮಿಷ ನಕ್ಷೆ ನೋಡಿ. ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗ ಎಷ್ಟೇ ಮೇಲಿದ್ದರೂ ಅಲ್ಲಿಗೇ ಹತ್ತಿ ಹೋಗಿ. ಬೇಸರದ ಕೆಲಸ ನಿಜ, ಅಡ್ಡ ಹಾಯ್ದು ಪಕ್ಕದ ಏಣು ಸೇರಿಬಿಡೋಣ ಎನಿಸುತ್ತದೆ, ಆದರೆ ನಡುವಿನ ಕಣಿವೆಯಲ್ಲಿ ಬೆತ್ತ, ಮುಳ್ಳು ಹೆಣೆದುಕೊಂಡು ಗಂಟೆಗೆ ಅರ್ಧ ಕಿಲೋಮೀಟರ್ ಸಾಗುವುದಿಲ್ಲ. ಕತ್ತಲಾಗಿಯೇ ಹೋದರೆ ಕಾಡಿಗೆ ಇಳಿಯದೆ ತೆರೆದ ಬಂಡೆಯ ಮೇಲೆ, ಗಾಳಿಗೆ ಮರೆಯಾದ ಬದಿಯಲ್ಲಿ, ಇದ್ದ ಬಟ್ಟೆಯೆಲ್ಲ ಹಾಕಿಕೊಂಡು ಬೆಳಗಿನ ತನಕ ಇರಿ. ಬೆಂಕಿ ಮಾತ್ರ ಹಚ್ಚಬೇಡಿ. ನಿಮಿಷಕ್ಕೆ ಆರು ಸಲ ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು. ಮೂರು ಸಲ ಸೀಟಿ ಮರಳಿ ಕೇಳಿದರೆ ನಿಮ್ಮನ್ನು ಯಾರೋ ಗುರುತಿಸಿದ್ದಾರೆ ಎಂದರ್ಥ. ಕರೆ ಹೋಗದ ಕಡೆ ಎಸ್‌ಎಂಎಸ್ ಹೋಗುವುದುಂಟು. ತಲೆಗೊಂದು ಹೆಡ್‌ಲ್ಯಾಂಪ್ ಇರಲಿ, ಮೊಬೈಲ್ ಟಾರ್ಚ್ ಉರಿಸಿದರೆ ನಕ್ಷೆಗೆ ಬ್ಯಾಟರಿ ಉಳಿಯುವುದಿಲ್ಲ.

ಇಳಿದ ಮೇಲೂ ಕೆಲಸ ಮುಗಿದಿಲ್ಲ. ಮೊದಲು ಗೈಡ್‌ಗೋ ಚೆಕ್‌ಪೋಸ್ಟಿಗೋ ಎಲ್ಲರೂ ಬಂದೆವು ಎಂದು ತಿಳಿಸಿ, ಇಲ್ಲವಾದರೆ ನಿಮಗಾಗಿ ರಾತ್ರಿ ಕಾಡು ಹೊಗುವವರು ಅವರೇ. ಆಮೇಲೆ ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಸುತ್ತಮುತ್ತ ಕಾಣಿಸಿಕೊಳ್ಳುತ್ತಲೇ ಇದೆ, ಉಣುಗಿನ ಮರಿಗಳು ಹೆಚ್ಚಾಗುವುದು ನಡಿಗೆಗೆ ಒಳ್ಳೆಯದಾದ ಒಣ ತಿಂಗಳುಗಳಲ್ಲೇ. ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಜಾಗ ತಿಳಿಸಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿ ನೀರಿಗೆ ಹಾಕಿ, ಬಿಸಿ ನೀರಿನ ಸ್ನಾನ ಮಾಡಿ, ಸೊಂಟದ ಪಟ್ಟಿ, ತೊಡೆಸಂದು, ಕಂಕುಳು, ಮೊಣಕಾಲಿನ ಹಿಂಬದಿ ನೋಡಿಕೊಳ್ಳಿ. ಎಳ್ಳಿಗಿಂತ ಚಿಕ್ಕದಿರುತ್ತದೆ. ಚಿಮಟದಿಂದ ಚರ್ಮಕ್ಕೆ ಅಂಟಿಸಿ ಹಿಡಿದು ನೇರವಾಗಿ ಎಳೆಯಿರಿ, ಎಣ್ಣೆ ಹಾಕುವುದು, ಸುಡುವುದು ಬೇಡ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಬೆಂಗಳೂರಿನ ವೈದ್ಯರಿಗೆ ಡೆಂಗಿ ಮೊದಲು ನೆನಪಾಗುವುದು ಸಹಜ, ಆದ್ದರಿಂದ ಮಲೆನಾಡಿನ ಕಾಡಿಗೆ ಹೋಗಿದ್ದೆ, ಇಂಥ ದಿನ, ಇಂಥ ಊರು ಎಂದು ನೀವೇ ಮೊದಲು ಹೇಳಿ.